ಇನ್ನೆರಡಾಳು

ತಖ್ತೆಯವರ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ನಾನು ಲಾರಿಯ ಟಾರ್ಪಾಲಿಗೆ ಅಂಚು ಹೊಲಿಯುತ್ತ ಕುಳಿತಿದ್ದೆ. ತಂಗಿಯ ಮಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಬಂದು, ಹರಡಿದ್ದ ಬಟ್ಟೆಯ ಮೇಲೆಯೇ ಕುಳಿತಳು. ಚಿಕ್ಕಂದಿನಲ್ಲಿ ನಾನು ಹಾಯಿ ಹೊಲಿಯುವಾಗಲೂ ಹೀಗೆಯೇ ನಡುವೆ ಬಂದು ಕೂರುತ್ತಿದ್ದಳು. ಈಗ ನಲವತ್ತು ದಾಟಿದೆ, ಸ್ವಂತ ಅಂಗಡಿ ಇದೆ, ಆ ಚಾಳಿ ಮಾತ್ರ ಹೋಗಿಲ್ಲ.

“ದೊಡ್ಡಮ್ಮ, ನಿಂಗೆ ಹಾಯಿಹಡಗು ಚೆನ್ನಾಗಿ ಗೊತ್ತಲ್ವಾ?”

“ಗೊತ್ತು. ಮೊದಲು ಅಲ್ಲಿಂದ ಏಳು, ಕೆಳಗೆ ಸೂಜಿ ಇದೆ.”

ಎದ್ದಳು. ಅರ್ಧ ಅಡಿ ಸರಿದು ಮತ್ತೆ ಬಟ್ಟೆಯ ಮೇಲೆಯೇ ಕುಳಿತಳು.

ಅವಳದು ಆಟದ ಸಾಮಾನಿನ ಅಂಗಡಿ. ಮಕ್ಕಳ ಆಟವಲ್ಲ, ದೊಡ್ಡವರು ಆಡುವ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರಂತೆ. ಒಬ್ಬ ಮಂತ್ರವಾದಿ, ಒಬ್ಬಳು ಕಳ್ಳಿ, ಇನ್ನೊಬ್ಬ ಸಿಪಾಯಿ. ಒಬ್ಬರು ಕತೆ ಹೇಳುತ್ತ ಹೋಗುತ್ತಾರೆ, ಉಳಿದವರು ಆ ಕತೆಯೊಳಗೆ ಬದುಕುತ್ತಾರೆ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ.

“ತಲೆ ನೆಟ್ಟಗಿರೋರು ಆಡೋ ಆಟಾನಾ ಇದು?”

“ಡಾಕ್ಟರು ಕೂಡ ಬಂದು ಆಡ್ತಾರೆ ದೊಡ್ಡಮ್ಮ.”

“ಹಾಗಾದ್ರೆ ಕಾಯಿಲೆ ಬೀಳದ ಹಾಗೆ ನೋಡ್ಕೋಬೇಕು.”

ಆ ಆಟಕ್ಕೆ ಅವಳು ಹಡಗುಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಬೇಕಿತ್ತು. ಯಾವ ಹಡಗಿಗೆ ಎಷ್ಟು ಕಂಬ, ಎಷ್ಟು ವೇಗ, ಎಷ್ಟು ಸರಕು, ಎಷ್ಟು ಏಟು ತಿಂದರೆ ಮುಳುಗುತ್ತದೆ, ಎಲ್ಲ ಅಂಕಿಯಲ್ಲಿ. ಅದನ್ನು ಬರೆದುಕೊಡಲು ಬಂದರಿನ ಆಫೀಸಿನಿಂದ ನಿವೃತ್ತರಾದ ಒಬ್ಬ ಮುದುಕರು ಒಪ್ಪಿದ್ದರು. ಆಫೀಸಿನಲ್ಲಿ ಗೆರೆ ಎಳೆದು ತುಂಬುವ ಪಟ್ಟಿಗೆ ತಖ್ತೆ ಅನ್ನುತ್ತಾರೆ. ಜೀವಮಾನವೆಲ್ಲ ಅದನ್ನೇ ತುಂಬಿದ್ದಕ್ಕೆ ಜನ ಅವರನ್ನು ತಖ್ತೆಯವರು ಅನ್ನುತ್ತಿದ್ದರು. ಈಗ ಕೈ ನಡುಗಿ ಬರಹ ಕೋಳಿ ಕೆದರಿದ ಹಾಗಾಗಿತ್ತು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಹಡಗು ಗೊತ್ತಿದ್ದ ಯಾರಾದರೂ ಬೇಕಿತ್ತು.

“ನಂದು ನಾಲ್ಕನೇ ಕ್ಲಾಸಿನ ಓದು ಕಣೇ.”

“ಅಂಕಿ ಬರುತ್ತಲ್ಲ, ಸಾಕು.”

ಬಂದರಿನ ಆಫೀಸು ಎಂದೊಡನೆ ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಅದು ಯಾಕೆಂದು ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಗಂಡ ಎರಡು ಕಂಬದ ಸರಕು ಹಡಗಿನ ಯಜಮಾನರಾಗಿದ್ದರು. ಮನೆಗೂ ಅವರೇ ಯಜಮಾನರು, ಹಡಗಿಗೂ ಅವರೇ. ಮನೆಯಲ್ಲಿ ಅವರ ಮಾತು ಅಷ್ಟಾಗಿ ನಡೆಯುತ್ತಿರಲಿಲ್ಲ, ಹಡಗಿನಲ್ಲಿ ನಡೆಯುತ್ತಿತ್ತು. ಎಂಟು ಜನರ ಹಡಗು ಅದು. ಒಂದು ಸಲ ಸರಕು ತುಂಬಿ ಹೊರಡುವ ಮುನ್ನ ಇಬ್ಬರು ಜ್ವರ ಬಂದು ಮಲಗಿದರು. ಬಂದರಿನಲ್ಲಿ ಬದಲಿ ಜನ ಕೊಡುವುದೂ, ಯಾವ ಹಡಗು ಎಲ್ಲಿ ಲಂಗರು ಹಾಕಬೇಕೆಂದು ಗೊತ್ತುಮಾಡುವುದೂ ಆಫೀಸಿನ ಒಂದೇ ಮೇಜಿನ ಕೆಲಸ. ಅದರ ಮುಂದೆ ಮರದ ಗೋಡೆ, ಗೋಡೆಯಲ್ಲಿ ಅಂಗೈಯಗಲದ ಒಂದು ಗೂಡು. ಬಡಿದರೆ ತೆರೆಯುತ್ತದೆ. ಒಳಗಿನವರ ಮುಖ ಕಾಣುವುದಿಲ್ಲ, ಬರೆಯುವ ಕೈ ಮಾತ್ರ ಕಾಣುತ್ತದೆ. ಆ ದಿನ ಬೆಳಿಗ್ಗೆ ಯಜಮಾನರು ಹಗ್ಗ ಕಟ್ಟುತ್ತಲೇ ನನಗೆ, “ಆಫೀಸಿಗೆ ಹೋಗಿ ಹೇಳಿ ಬಾರೆ” ಎಂದು ಕೂಗಿದರು. ನಾನೇ ಹೋಗಿ ಹೇಳಿ ಬಂದೆ.

ಜನ ಬರಲಿಲ್ಲ. ಅದರ ಬದಲು ಆಫೀಸಿನ ದೋಣಿಯಲ್ಲಿ ಒಂದು ಚೀಟಿ ಬಂತು, ಬಂದರಿನ ಬಾಯಿಯಾಚೆ, ಹೊರಗಿನ ಲಂಗರಿಗೆ ಹೋಗಿ ನಿಲ್ಲಿ ಎಂದು. ಅಲ್ಲಿಗೇ ಜನರನ್ನು ಕಳಿಸುತ್ತಾರೇನೋ ಎಂದು ಯಜಮಾನರು ಹೋದರು. ಮಧ್ಯಾಹ್ನ ಮೂರರ ಮೇಲೆ ಗಾಳಿ ದಿಕ್ಕು ಬದಲಿಸಿತು. ಹೊರಗಡೆ ತಡೆಯೇ ಇಲ್ಲ. ಲಂಗರು ಜಾರತೊಡಗಿತು. ಒಳಗೆ ಬರಲು ದೊಡ್ಡ ಹಾಯಿ ಏರಿಸಿದರು, ಗಾಳಿ ಜೋರಾದಾಗ ಇಳಿಸಲು ಕೈ ಸಾಲಲಿಲ್ಲ. ನಾವೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು. ಆ ಹಾಯಿ ನಾನು ಹೊಲಿದದ್ದು. ಅದು ಹರಿಯಲಿಲ್ಲ. ಹರಿದಿದ್ದರೆ ಹಡಗು ಉಳಿಯುತ್ತಿತ್ತು. ನನ್ನ ಹೊಲಿಗೆ ಅಷ್ಟು ಗಟ್ಟಿಯಾಗಿತ್ತು. ಹಡಗು ಮಗ್ಗುಲಿಗೆ ಬಿದ್ದು ಆರು ಜನರನ್ನೂ ಕೊಂಡೊಯ್ದಿತು.

ವಿಚಾರಣೆ ನಡೆಯಿತು. ಇಬ್ಬರನ್ನು ಕಳಿಸಿ ಎಂದು ನಾನೇ ಹೇಳಿದ್ದೆ ಅಂದೆ. ಆಫೀಸಿನ ಪುಸ್ತಕ ತೆರೆದು ತೋರಿಸಿದರು: ಯಜಮಾನನ ಕೋರಿಕೆಯಂತೆ ಹೆಚ್ಚು ನೀರಿರುವ ಲಂಗರಿಗೆ ಕಳಿಸಲಾಗಿದೆ. ಜನ ಬೇಕೆಂದು ಒಂದಕ್ಷರವೂ ಇಲ್ಲ. ಜನ ಕಡಿಮೆಯಿದ್ದರೂ ಜಂಬಕ್ಕೆ ಹೊರಗೆ ಹೋಗಿ ನಿಂತು ಐವರನ್ನು ಮುಳುಗಿಸಿದ ಎಂದು ಯಜಮಾನರ ಮೇಲೆ ಬರೆದರು. ಗಂಡನನ್ನು ಕಾಪಾಡಲು ಸುಳ್ಳು ಹೇಳಿದವಳು ಎಂದು ನನ್ನ ಮೇಲೆ ಬರೆಯಲಿಲ್ಲ, ಎಲ್ಲರೂ ಬಾಯಲ್ಲೇ ಆಡಿಕೊಂಡರು. ಚುಕ್ಕಾಣಿ ಹಿಡಿಯುತ್ತಿದ್ದವನ ಹೆಂಡತಿ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಅವತ್ತಿನಿಂದ ಬೀದಿಯಲ್ಲಿ ಎದುರಾದರೆ ಆ ಕಡೆ ದಾಟಿಕೊಳ್ಳತೊಡಗಿದಳು. ಗೂಡಿನೊಳಗಿದ್ದ ಗುಮಾಸ್ತನಿಗೆ ಬೇರೆ ಊರಿಗೆ ವರ್ಗವಾಯಿತೆಂದು ಆಮೇಲೆ ಕೇಳಿದೆ. ಇದಾಗಿ ಮೂವತ್ತಮೂರು ವರ್ಷ. ಯಜಮಾನರು ಯಾಕೆ ನೀರು ಕೇಳಿದರು, ನಾನು ಹೇಳಿದ ಮಾತು ಎಲ್ಲಿ ಹೋಯಿತು ಎಂಬುದು ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ.

ಆಫೀಸಿನ ಯಾರೇ ಆದರೂ ಅಂದಿನ ಮಾತು ಸ್ವಲ್ಪವಾದರೂ ಕೇಳಿರಬಹುದು ಎನ್ನಿಸಿತು. ಬರೆಯಲು ಹೋಗುತ್ತೇನೆ ಎಂದೆ.

ಅವರ ಕೋಣೆ ಮುಚ್ಚಿಹೋದ ಹಗ್ಗದ ಗೋದಾಮಿನ ಮೇಲಿತ್ತು. ಹದಿನೇಳು ಮರದ ಮೆಟ್ಟಿಲು, ಹನ್ನೊಂದನೆಯದು ನರಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಸ್ಟೌ, ಗೆರೆ ಎಳೆದ ಹಾಳೆಗಳು ಹರಡಿದ ದೊಡ್ಡ ಮೇಜು. ಬಂದರಿನ ಕಡೆಯ ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿ ಮುಚ್ಚಿದ್ದರು. ಸಾಲದೆಂಬಂತೆ ಕುರ್ಚಿಯನ್ನೂ ಅದಕ್ಕೆ ಬೆನ್ನು ಮಾಡಿ ಇಟ್ಟಿದ್ದರು.

“ಯಾರು?”

“ನಂಗೆ ಹಾಯಮ್ಮ ಅಂತಾರೆ. ಆಟದಂಗಡಿಯವಳು ಕಳಿಸಿದ್ಲು.”

ಅವರು ತಲೆ ಎತ್ತಿದರು. ಉದ್ದನೆಯ ಮುಖ, ದಪ್ಪ ಕನ್ನಡಕ. ನನ್ನ ಮುಖ ನೋಡಲಿಲ್ಲ, ಕಿವಿಯನ್ನು ನನ್ನ ಕಡೆ ತಿರುಗಿಸಿದರು.

“ಇನ್ನೊಂದ್ಸಲ ಹೇಳಿ.”

“ಕಿವಿ ಮಂದನಾ ನಿಮಗೆ?”

“ಇಲ್ಲಮ್ಮ. ಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತೆ. ಅದೇ ತೊಂದರೆ. ಕೂತ್ಕೊಳ್ಳಿ.”

ಇಸ್ತ್ರಿ ಮಾಡಿದ ಅಂಗಿ, ಆದರೆ ಎದೆಯ ಮೇಲಿನ ಎರಡು ಗುಂಡಿ ಇರಲಿಲ್ಲ. ನನ್ನ ಕೈ ಸುಮ್ಮನಿರುವುದಿಲ್ಲ. ಸೂಜಿ ದಾರ ತಂದಿದ್ದೇನೆ, ಹಾಕಿಕೊಡಲೇ ಅಂದೆ.

“ಬೇಡ. ಅವರಿಬ್ಬರೂ ರಜೆ ಮೇಲಿದ್ದಾರೆ.”

ತಮಾಷೆ ಎಂದುಕೊಂಡು ನಕ್ಕೆ. ಅವರೂ ನಕ್ಕರು, ಆದರೆ ಅವರ ಕೈ ಅಂಗಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು.

ಹೀಗೆ ಕೆಲಸ ಶುರುವಾಯಿತು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಒಂದು ಹಾಳೆಗೆ ಒಂದು ಹಡಗು. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ನಾನು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದೆ. ದಡದ ದೋಣಿ: ಕಂಬ ಒಂದು, ಜನ ಮೂರು, ನೀರು ಅರ್ಧ ಮಾರು, ಆಯಸ್ಸು ನಲವತ್ತು. ಕಳ್ಳರ ಹಡಗು: ಕಂಬ ಎರಡು, ಜನ ಇಪ್ಪತ್ತು, ತಿರುವು ಚುರುಕು, ಸರಕು ಕಡಿಮೆ, ಆಯಸ್ಸು ನೂರಿಪ್ಪತ್ತು. ರಾಣಿಯ ಹಡಗು: ಕಂಬ ಮೂರು, ಜನ ಎಪ್ಪತ್ತು, ತಿರುವು ಎಮ್ಮೆಯ ಹಾಗೆ. ಎಮ್ಮೆ ಎಂದೂ ಬರೆದುಬಿಟ್ಟಿದ್ದೆ, ಆಮೇಲೆ ಹೊಡೆದುಹಾಕಿಸಿದರು.

“ಈ ಆಯಸ್ಸು ಅಂದ್ರೆ ಏನು?” ಎಂದು ಮೊದಲ ದಿನವೇ ಕೇಳಿದೆ.

“ಗುಂಡು ಬಿದ್ರೆ, ಬಂಡೆ ತಾಗಿದ್ರೆ, ಗಾಳಿ ಹೊಡೆದ್ರೆ ಅಷ್ಟಷ್ಟು ಕಳೀತಾ ಹೋಗೋದು. ಸೊನ್ನೆಗೆ ಬಂದ್ರೆ ಮುಳುಗ್ತು.”

“ಹಣೆಬರಹ ಬರೆಯೋ ಕೆಲಸ ಅನ್ನಿ.”

“ಹಿಂದೇನೂ ಅದೇ ಮಾಡ್ತಿದ್ದೆ. ಗೊತ್ತಿರಲಿಲ್ಲ ಅಷ್ಟೆ.”

ಅದೇ ದಿನ ಇನ್ನೊಂದು ಮಾತು ಹೇಳಿದರು. ನಾನು ದಡದ ದೋಣಿಯ ಹಾಳೆಯನ್ನು ಓದಿ ಹೇಳುತ್ತ ಮೂರಾಳು ಎಂದಿದ್ದೆ. ಅವರ ಕೈಯಲ್ಲಿದ್ದ ಲೋಟ ಮೇಜಿಗೆ ಬಡಿಯಿತು.

“ಹಾಯಮ್ಮ, ಈ ಪುಸ್ತಕದಲ್ಲಿ ಆಳು ಅನ್ನೋ ಮಾತು ಬರಕೂಡದು. ಮನುಷ್ಯರಿಗೆ ಜನ ಅನ್ನಿ. ನೀರಿನ ಅಳತೆಗೆ ಮಾರು ಅನ್ನಿ.”

“ಹುಟ್ಟಿದಾಗಿಂದ ಹಾಗೇ ಅಂದಿದ್ದೀವಲ್ಲ ತಖ್ತೆಯವರೇ. ಮೂರಾಳು ಕಳಿಸಿ ಅಂದ್ರೆ ಮೂರು ಜನ. ಮೂರಾಳು ನೀರಿದೆ ಅಂದ್ರೆ ಮೂರು ಜನ ಒಬ್ಬರ ಮೇಲೊಬ್ಬರು ನಿಂತಷ್ಟು ಆಳ. ಕೇಳೋರಿಗೆ ಗೊತ್ತಾಗಲ್ವಾ?”

“ಗೊತ್ತಾಗಲ್ಲ,” ಅಂದರು. ಅಷ್ಟೇ.

ಮುದುಕರಿಗೆ ಒಂದೊಂದು ಹುಚ್ಚು ಇರುತ್ತದೆ. ನನಗೂ ಇದೆ. ಜನ ಮತ್ತು ಮಾರು ಎಂದೇ ಬರೆದುಕೊಂಡು ಹೋದೆ.

ಹಾಳೆ ತುಂಬಿದ ಮೇಲೆ ಪ್ರತಿ ಹಡಗಿಗೂ ಪರೀಕ್ಷೆ. ಹಡಗಿನ ಚಿತ್ರದ ಮೇಲೆ ಎಷ್ಟು ಜನವೋ ಅಷ್ಟು ಗುಂಡಿ ಇಡಬೇಕು. ಅದಕ್ಕೆಂದೇ ಒಂದು ಗಾಜಿನ ಜಾಡಿ ತುಂಬ ಹಳೆಯ ಗುಂಡಿ ಇಟ್ಟುಕೊಂಡಿದ್ದರು. ಆಮೇಲೆ ಮೂರು ಬಿರುಗಾಳಿ. ದಾಳ ನಾನು ಎಸೆಯಬೇಕು. ಬೇಕಾದ ಜನಕ್ಕಿಂತ ಒಬ್ಬ ಕಡಿಮೆಯಿದ್ದರೆ ಬಿದ್ದ ಅಂಕಿಯಲ್ಲಿ ಎರಡು ಕಳೆ, ಇಬ್ಬರು ಕಡಿಮೆಯಿದ್ದರೆ ನಾಲ್ಕು ಕಳೆ. ಆಟವೆಂದು ಗೊತ್ತಿದ್ದರೂ ದಾಳ ಉರುಳುವಾಗ ನನ್ನ ಅಂಗೈ ಬೆವರುತ್ತಿತ್ತು. ರಾಣಿಯ ಹಡಗು ಮೂರನೆಯ ಗಾಳಿಯಲ್ಲಿ ಎರಡು ಆಯಸ್ಸು ಉಳಿಸಿಕೊಂಡು ದಡ ಸೇರಿದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಒಂದು ವಿಷಯ ಮಾತ್ರ ನನಗೆ ಸರಿಬರುತ್ತಿರಲಿಲ್ಲ. ದಿನವೂ ಹನ್ನೊಂದು ಗಂಟೆ ಸುಮಾರಿಗೆ ಅವರು ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದರು. ತಲೆ ಓರೆ ಮಾಡಿ ಗೋಡೆಯ ಕಡೆ ಕಿವಿ ಕೊಡುತ್ತಿದ್ದರು.

“ಕೇಳಿಸ್ತಾ?”

“ಏನು?”

“ಯಾರೋ ಬಡಿದ್ರು. ಎರಡು ಸಲ.”

ಹೊರಗೆ ರಾಟೆಯ ಕಿರ್ ಕಿರ್, ಲಾರಿಗಳ ಸದ್ದು. ಬಡಿದ ಸದ್ದಿಲ್ಲ. ಬಾಗಿಲು ತೆರೆದೇ ಇತ್ತಲ್ಲ, ಯಾರು ಯಾಕೆ ಬಡಿಯಬೇಕು? ಆದರೂ ಮೊದಲ ವಾರ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಮೆಟ್ಟಿಲು ಖಾಲಿ. ಒಂದು ದಿನ ಹಾಗೆ ನೋಡಿ ಬರುವಷ್ಟರಲ್ಲಿ, ಯಾರೂ ಇಳಿಯದೆಯೇ ಹನ್ನೊಂದನೆಯ ಮೆಟ್ಟಿಲು ನರಳಿದಂತಾಯಿತು. ಹಳೆಯ ಮರ, ಬಿಸಿಲಿಗೆ ಹಿಗ್ಗಿರಬೇಕು. ಅಂದಿನಿಂದ ನಾನು ಬಾಗಿಲ ಕಡೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ.

ಎರಡು ತಿಂಗಳಲ್ಲಿ ಇಪ್ಪತ್ತೆರಡು ಹಡಗು ಮುಗಿದವು. ಉಳಿದದ್ದು ಒಂದು. ಭೂತದ ಹಡಗು ಇಲ್ಲದಿದ್ದರೆ ಪುಸ್ತಕ ಯಾರೂ ಕೊಳ್ಳುವುದಿಲ್ಲ ಎಂದು ತಂಗಿಯ ಮಗಳು ಹಟ ಹಿಡಿದಿದ್ದಳು. ತಖ್ತೆಯವರು ಅದನ್ನು ದಿನ ದಿನ ಮುಂದಕ್ಕೆ ಹಾಕುತ್ತ ಬಂದಿದ್ದರು. ಕೊನೆಗೊಂದು ಬೆಳಿಗ್ಗೆ, ನಾನು ಕೂತು ಲೇಖನಿಯ ಮುಚ್ಚಳ ತೆಗೆಯುವ ಮೊದಲೇ ಹೇಳತೊಡಗಿದರು.

“ಮಂಜಿನ ಹಡಗು. ಮಂಜು ಬಿದ್ದಾಗ ಮಾತ್ರ ಕಾಣುತ್ತೆ. ಎದುರಾದ ಹಡಗನ್ನ ನಿಲ್ಲಿಸಿ ಏನೋ ಕೇಳುತ್ತೆ. ಕೇಳಿದ್ದನ್ನ ಸರಿಯಾಗಿ ಕೊಟ್ರೆ ಅದಕ್ಕೆ ಬಿಡುಗಡೆ. ತಪ್ಪು ಕೊಟ್ರೆ ಎರಡೂ ಮುಳುಗ್ತವೆ.”

“ಏನು ಕೇಳುತ್ತೆ?”

“ಅದನ್ನ ಆಮೇಲೆ ಬರೆಯೋಣ. ಕಂಬ ಎರಡು. ಉದ್ದ ಹನ್ನೊಂದು ಮಾರು. ದೊಡ್ಡ ಹಾಯಿ ಮೇಲಂಚು ಹತ್ತೂವರೆ ಮಾರು, ಹಿಂದಿನಂಚು ಎಂಟು ಮಾರು. ಜನ ಆರು.”

ನನ್ನ ಲೇಖನಿ ನಿಂತಿತು. ಹೊಲಿದವಳಿಗೆ ಹಾಯಿಯ ಅಳತೆ ಮರೆಯುವುದಿಲ್ಲ, ಹೆತ್ತವಳಿಗೆ ಮಗುವಿನ ತೂಕ ಮರೆಯದ ಹಾಗೆ. ಹತ್ತೂವರೆ, ಎಂಟು. ಎರಡು ತಿಂಗಳು ಮೊಣಕಾಲ ಮೇಲೆ ಹಾಕಿಕೊಂಡು ಹೊಲಿದಿದ್ದೆ. ಅಂಥ ಅಳತೆಯ ಹಾಯಿ ಬೇರೆ ಇರಬಾರದೆಂದೇನೂ ಇಲ್ಲ, ಎಂದು ನನಗೆ ನಾನೇ ಹೇಳಿಕೊಂಡು ಬರೆದೆ.

ಚಿತ್ರದ ಮೇಲೆ ಆರು ಗುಂಡಿ ಇಟ್ಟೆವು. ದಾಳ ಎಸೆದೆ. ಮೊದಲ ಗಾಳಿಯಲ್ಲೇ ಮುಳುಗಿತು. ಮತ್ತೆ ಎಸೆಯಿರಿ ಅಂದರು. ಮುಳುಗಿತು. ಏಳು ಸಲ ಎಸೆದೆ, ಏಳು ಸಲವೂ ಮುಳುಗಿತು. ಪ್ರತಿ ಸಲವೂ ಅವರು ಆರು ಗುಂಡಿಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಅಂಚಿನಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಇದೇನ್ ಸ್ವಾಮಿ ನೀವು ಮಾಡ್ತಿರೋದು? ನಾಲ್ಕು ಜನ ಲಂಗರಿನ ಹಗ್ಗಕ್ಕೆ ಬೇಕು, ಒಬ್ಬ ಚುಕ್ಕಾಣಿಗೆ. ಇಷ್ಟು ದೊಡ್ಡ ಹಾಯಿ ಇಳಿಸೋಕೆ ಒಬ್ಬನನ್ನ ಬಿಟ್ರೆ ಅವನೇನು ಹಲ್ಲಲ್ಲಿ ಕಚ್ಚಿ ಎಳೀತಾನಾ? ಇದಕ್ಕೆ ಇನ್ನೆರಡಾಳು ಬೇಕು!” ಸಿಟ್ಟಿನಲ್ಲಿ ಬೆರಳ ಗಂಟಿನಿಂದ ಮೇಜನ್ನು ಎರಡು ಸಲ ಬಡಿದೆ.

ತಖ್ತೆಯವರ ಮುಖದಿಂದ ರಕ್ತ ಇಳಿದುಹೋಯಿತು. ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಅವರ ತುಟಿಗಳು ಅಲುಗಿದವು. ಬಂದದ್ದು ಒಂದೇ ಮಾತು.

“ಆಗ್ಲಿ.”

ಆ ಆಗ್ಲಿಯನ್ನು ನಾನು ಒಮ್ಮೆ ಕೇಳಿದ್ದೆ. ಮರದ ಗೋಡೆಯ ಆಚೆಯಿಂದ.

“ಗೂಡಿನೊಳಗಿದ್ದೋರು ನೀವಾ?” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವತ್ತು ಹನ್ನೊಂದು ಗಂಟೆಗೆ ಎರಡು ಸಲ ಬಡಿದ್ರಿ. ಹಡಗಿನ ಹೆಸರು ಹೇಳಿ, ಇನ್ನೆರಡಾಳು ಬೇಕಂತೆ ಅಂದ್ರಿ. ಸರಕು ತುಂಬಿದ ಹಡಗು, ಇಳಿತದ ಹೊತ್ತು. ಅವತ್ತು ಬೆಳಿಗ್ಗೆಯಿಂದ ಬಂದೋರೆಲ್ಲ ನೀರು ಸಾಲ್ದು ಅಂತಾನೇ ಕೇಳಿದ್ರು. ಇನ್ನೆರಡಾಳು ನೀರು ಬೇಕು ಅಂತ ತಿಳ್ಕೊಂಡೆ. ಹೊರಗಿನ ಲಂಗರು ಕೊಟ್ಟೆ.”

ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಬೈಯುತ್ತಿದ್ದರು. ನಾನು ದಾಳವನ್ನು ಎತ್ತಿ ಜಾಡಿಯ ಪಕ್ಕಕ್ಕಿಟ್ಟೆ.

“ತಪ್ಪಾಯ್ತು ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಒಂಬತ್ತನೇ ದಿನ. ಕಟ್ಟೆ ಮೇಲೆ ಹಮಾಲ ಒಬ್ಬ ಮೂಟೆ ಎತ್ತೋಕಾಗದೆ, ಇನ್ನೆರಡಾಳು ಬನ್ರೋ ಅಂತ ಕೂಗಿದ. ನಿಂತಲ್ಲೇ ಕೂತುಬಿಟ್ಟೆ. ವಿಚಾರಣೆಗೆ ಪುಸ್ತಕ ಮಾತ್ರ ಹೋಗಿತ್ತು, ನನ್ನನ್ನ ಕರೆದಿರಲಿಲ್ಲ. ಅದರ ಕಾಗದಕ್ಕೆ ಹಿಂದಿನ ದಿನವಷ್ಟೇ ರುಜು ಬಿದ್ದಿತ್ತು.”

“ಹೋಗಿ ಹೇಳಬಹುದಿತ್ತಲ್ಲ.”

“ಹೇಳಬಹುದಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ವರ್ಗ ಕೇಳ್ಕೊಂಡು ಹೋದೆ. ಅಲ್ಲಿಗೂ ಬಂದು ಬಡೀತಿದ್ರಿ. ರಿಟೈರಾಗಿ ಇಲ್ಲಿಗೇ ವಾಪಸ್ ಬಂದೆ, ಇಲ್ಲೂ ಬಡೀತೀರಿ. ಯಾರ ದನಿ ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ.” ಅವರು ತಡವರಿಸಿದರು. “ನೀವು ಆ ಹಡಗಿನವರಿಗೆ ಏನಾಗಬೇಕು?”

“ಯಜಮಾನರ ಹೆಂಡತಿ,” ಎಂದೆ. “ಮೂವತ್ತಮೂರು ವರ್ಷ ಸುಳ್ಳಿ ಅನ್ನಿಸಿಕೊಂಡು ಬದುಕಿದ್ದೀನಿ.”

ಲೇಖನಿಗೆ ಮುಚ್ಚಳ ಹಾಕಿ ಇಟ್ಟು, ಮೆಟ್ಟಿಲಿಳಿದು ಬಂದೆ. ಬಯ್ಯಲೂ ಇಲ್ಲ, ಅಳಲೂ ಇಲ್ಲ.

ಹನ್ನೊಂದು ದಿನ ಹೋಗಲಿಲ್ಲ. ಮೊದಲ ಎರಡು ದಿನ ಅವರ ಮೇಲೆ ಕುದಿಯುತ್ತಿದ್ದೆ. ಮೂರನೆಯ ದಿನ ಹೊಲಿಗೆಗೆ ಕೂತಾಗ ಬೇರೊಂದು ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ಅಂದು ಮನೆಯಲ್ಲಿ ದಾರಕ್ಕೆ ಮೇಣ ಹಚ್ಚಿಟ್ಟು ಹೋಗಿದ್ದೆ. ಒಣಗಿಬಿಡುತ್ತದೆ ಎಂದು ಅವಸರ. ಗೂಡಿನ ಮುಂದೆ ಒಂದು ಗಳಿಗೆ ನಿಂತು, ಇಬ್ಬರು ಗಂಡಸರನ್ನು ಕಳಿಸಿ ಎಂದಿದ್ದರೆ? ಇಬ್ಬರಿಗೆ ಜ್ವರ ಎಂದಿದ್ದರೆ? ಒಂದೇ ಒಂದು ಮಾತು ಹೆಚ್ಚು. ಅವರು ಆಗ್ಲಿ ಎಂದದ್ದೇ ನಾನು ತಿರುಗಿ ಓಡಿದ್ದೆ. ಆಮೇಲೆ ದಿನವೂ ಹನ್ನೊಂದು ಗಂಟೆಗೆ ನನಗೂ ಕೇಳಿಸತೊಡಗಿತು. ಬೆರಳ ಗಂಟು, ಮರ, ಎರಡು ಸಲ. ಬಡಿಯುತ್ತಿದ್ದ ಕೈ ನನ್ನದೇ. ಸೂಜಿ ಕೆಳಗಿಟ್ಟು ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ತಂಗಿಯ ಮಗಳು ಬಂದಳು. ಈ ಸಲ ಬಟ್ಟೆಯ ಮೇಲೆ ಕೂರಲಿಲ್ಲ.

“ತಖ್ತೆಯವರು ಮಲಗಿಬಿಟ್ಟಿದ್ದಾರೆ ದೊಡ್ಡಮ್ಮ. ನೀನು ಬರ್ತೀಯಾ ಅಂತ ಕೇಳ್ತಾನೇ ಇಲ್ಲ. ಬಾಗಿಲು ಮಾತ್ರ ಮುಚ್ಚೋಕೆ ಬಿಡಲ್ಲ.”

ಹೋದೆ. ಮಂಚದ ಮೇಲೆ ಅರ್ಧಕ್ಕರ್ಧ ಆಗಿದ್ದರು. ಕಿಟಕಿಯ ಪತ್ರಿಕೆ ಹರಿದು ತೆಗೆದಿದ್ದರು, ಬಂದರಿನ ಬೆಳಕು ನೇರವಾಗಿ ಅವರ ಮುಖದ ಮೇಲೆ ಬೀಳುತ್ತಿತ್ತು. ನನ್ನ ಹೆಜ್ಜೆ ಕೇಳಿ ಏಳಲು ನೋಡಿದರು.

“ಏಳಬೇಡಿ. ನಾನು ಸಮಾಧಾನ ಹೇಳೋಕೆ ಬಂದಿಲ್ಲ,” ಅಂದೆ. “ಇಷ್ಟು ದಿನ ನಿಮ್ಮ ಮಾತು ನಾನು ಬರೆದೆ. ಈಗ ಇದನ್ನ ನೀವೇ ಬರೀಬೇಕು. ನಿಮ್ಮ ಕೈಯಲ್ಲಿ.”

ಅವರು ವಾದಿಸಲಿಲ್ಲ. ತೊಡೆಯ ಮೇಲೆ ಹಲಗೆ ಇಟ್ಟು ಹಾಳೆ ಕೊಟ್ಟೆ. ನಾಲ್ಕು ಸಾಲಿಗೆ ಒಂದು ಬೆಳಗು ಪೂರ್ತಿ ಬೇಕಾಯಿತು. ಎರಡು ಸಲ ಲೇಖನಿ ಕೈತಪ್ಪಿ ಬಿತ್ತು, ಎತ್ತಿಕೊಟ್ಟೆ. ಕೈಯನ್ನು ಮಾತ್ರ ಹಿಡಿದು ಬರೆಸಲಿಲ್ಲ. ಯಜಮಾನ ಕೇಳಿದ್ದು ಇಬ್ಬರು ಮನುಷ್ಯರನ್ನು. ನಾನು ಕೊಟ್ಟದ್ದು ನೀರು. ಅವರ ಹೆಂಡತಿ ಹೇಳಿದ್ದು ನಿಜ. ತಪ್ಪು ತಿಳಿದ ಮೇಲೂ ನಾನು ಸುಮ್ಮನಿದ್ದೆ. ಕೆಳಗೆ ತಮ್ಮ ಹೆಸರು, ಅಂದಿನ ಹುದ್ದೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಓದಲು ಬರುತ್ತಿತ್ತು.

ಅದನ್ನು ಹಿಡಿದು ಚುಕ್ಕಾಣಿಯವನ ಹೆಂಡತಿಯ ಮನೆಗೆ ಹೋದೆ. ಉಳಿದ ಮನೆಯವರಲ್ಲಿ ಕೆಲವರು ಸತ್ತು, ಕೆಲವರು ಊರು ಬಿಟ್ಟು, ಈಗ ಅವಳೊಬ್ಬಳೇ ಇದ್ದದ್ದು. ಬಾಗಿಲು ತೆರೆದವಳು ನನ್ನನ್ನು ಕಂಡು ಮುಚ್ಚಲು ಹೋದಳು. ಸಂದಿಯಲ್ಲಿ ಕಾಗದ ಚಾಚಿದೆ. ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದಳು. ಮತ್ತೆ ಮೊದಲಿನಿಂದ ಓದಿದಳು.

“ಮುದಿಗೂಬೆ ಇನ್ನೂ ಬದುಕಿದ್ದಾನಾ?”

“ಇದ್ದಾನೆ. ಹೆಚ್ಚು ದಿನ ಇರಲ್ಲ.”

ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. “ಎಷ್ಟು ಸಲ ನಿನ್ನ ನೋಡಿ ಉಗುಳಿದ್ದೀನಿ...” ಎಂದವಳು ಬಾಗಿಲನ್ನು ಪೂರ್ತಿ ತೆರೆದಳು. “ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಒಳಗೆ ಬಾ ಅಕ್ಕಾ.”

ಆ ಮಾತು ಕೇಳಿದ ಮೇಲೆ ಅತ್ತೆ. ಅವಳ ಹೊಸ್ತಿಲ ಮೇಲೆ, ಚಪ್ಪಲಿ ಕೂಡ ಬಿಡದೆ.

ಮರುದಿನ ಮತ್ತೆ ತಖ್ತೆಯವರಲ್ಲಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಮುದಿಗೂಬೆ ಎಂದದ್ದನ್ನೂ ಬಿಡದೆ. ಅವರ ಎದೆಯಲ್ಲಿ ನಗುವಿನಂಥ ಒಂದು ಸದ್ದಾಯಿತು.

“ಮಂಜಿನ ಹಡಗಿನ ಹಾಳೆ ತನ್ನಿ,” ಅಂದರು. “ಒಂದು ಮನೆ ಖಾಲಿ ಬಿಟ್ಟಿದ್ದೀವಿ. ಅದು ಏನು ಕೇಳುತ್ತೆ ಅನ್ನೋದು.”

“ಬರೀಲಾ?”

“ಬರೀರಿ. ಇನ್ನೆರಡಾಳು. ಹಾಗೇ ಬರೀರಿ, ಅದೇ ಮಾತು. ಆಡೋರು ತಿರುಗಿ ಕೇಳಿದ್ರೆ ಬಿಡುಗಡೆ. ಕೇಳದೇನೇ ಆಗ್ಲಿ ಅಂದ್ರೆ ಮುಳುಗಿದ್ರು.”

ಬರೆದೆ. ಪುಸ್ತಕದಲ್ಲಿ ಈಗ ಹಾಗೆಯೇ ಅಚ್ಚಾಗಿದೆ, ಆ ಮಾತು ಬರುವುದು ಅಲ್ಲೊಂದು ಕಡೆಯೇ. ತಂಗಿಯ ಮಗಳ ಅಂಗಡಿಯಲ್ಲಿ ಆಡುವವರು ಮೊದಲ ಸಲ ಎಲ್ಲರೂ ಮುಳುಗುತ್ತಾರಂತೆ.

ಆಮೇಲೆ ಅವರು ಅಂಗಿಯ ಜೇಬಿಗೆ ಬೆರಳು ತೂರಿಸಿ ಬಹಳ ಹೊತ್ತು ತಡಕಾಡಿದರು. ಎರಡು ಬಿಳಿ ಗುಂಡಿ ಬಂದವು, ತಮ್ಮ ಅಂಗಿಯದೇ. ಇಷ್ಟು ವರ್ಷ ಯಾವ ಅಂಗಿ ತೊಟ್ಟರೂ ಮೊದಲು ಆ ಎರಡನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಹಲಗೆಯ ಮೇಲೆ ಮಂಜಿನ ಹಡಗಿನ ಚಿತ್ರ ಇಟ್ಟೆ, ಆರು ಗುಂಡಿ ಇಟ್ಟೆ. ಉಳಿದೆರಡನ್ನು ಅವರು ಕೈಯಲ್ಲೇ ಹಿಡಿದುಕೊಂಡರು. ಗಡಿಯಾರ ಹನ್ನೊಂದಕ್ಕೆ ಬರುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು. ಇಬ್ಬರಿಗೂ ಏನು ಕೇಳಿಸಲಿದೆ ಎಂದು ಇಬ್ಬರಿಗೂ ಗೊತ್ತಿತ್ತು.

“ಇವತ್ತು ಅದು ತಾನಾಗಿ ಬಡಿಯೋ ಮೊದಲು ನೀವೇ ಬಡೀರಿ,” ಅಂದರು. “ಅವತ್ತು ಹೇಳಿದ ಹಾಗೇ ಹೇಳಿ. ಒಂದಕ್ಷರ ಹೆಚ್ಚು ಬೇಡ.”

ಮಂಚದ ಕಟ್ಟಿಗೆಯನ್ನು ಬೆರಳ ಗಂಟಿನಿಂದ ಎರಡು ಸಲ ಬಡಿದೆ. ಹಡಗಿನ ಹೆಸರು ಹೇಳಿದೆ. “ಇನ್ನೆರಡಾಳು ಬೇಕಂತೆ.”

ಅವರು ಆಗ್ಲಿ ಅನ್ನಲಿಲ್ಲ. ದಿಂಬಿನಿಂದ ತಲೆ ಎತ್ತಿ, ಗೂಡಿನೊಳಗಿಂದ ಬಗ್ಗಿ ನೋಡುವವರ ಹಾಗೆ ಕುತ್ತಿಗೆ ಮುಂದೆ ಚಾಚಿ, ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

“ಒಂದ್ನಿಮಿಷ ನಿಲ್ಲಮ್ಮ, ಓಡಬೇಡ. ಆಳು ಅಂದ್ರೆ ಜನಾನೋ, ನೀರೋ?”